ಚಿಕ್ಕಬಳ್ಳಾಪುರದ ಪಾದ ಚಿಕಿತ್ಸಾಲಯ: ಮೊದಲು ಚಪ್ಪಲಿ, ಆಮೇಲೆ ಪಾದ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಿಂದ ಸ್ವಲ್ಪ ಒಳಗಿರುವ ಈ ಪಾದ ಚಿಕಿತ್ಸಾಲಯಕ್ಕೆ ನಾನು ಹೋದದ್ದು ನಮ್ಮ ಅತ್ತೆಯವರ ಸಲುವಾಗಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸದಲ್ಲಿ ವರ್ಷಗಟ್ಟಲೆ ಒದ್ದೆ ನೆಲದ ಮೇಲೆ ನಿಂತೇ ದುಡಿದ ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ ಎದ್ದಿದ್ದ ಆಣಿ ಎಷ್ಟು ಸಲ ಕೆತ್ತಿಸಿದರೂ ಮರಳಿ ಬರುತ್ತಿತ್ತು.

ವೈದ್ಯೆ ಮೊದಲು ಕೇಳಿದ್ದು ಅತ್ತೆಯವರ ಚಪ್ಪಲಿಯನ್ನು. ಅದನ್ನು ಮೇಜಿನ ಮೇಲಿಟ್ಟು ದೀಪದ ಬೆಳಕಿನಲ್ಲಿ ತಿರುಗಿಸಿ ನೋಡಿದಾಗ, ಆಣಿ ಇದ್ದ ಜಾಗಕ್ಕೆ ಸರಿಯಾಗಿ ಅಟ್ಟೆ ಸವೆದು ಹಾಳೆಯಷ್ಟು ತೆಳುವಾಗಿತ್ತು. ಆಣಿ ಎಂಬುದು ಒಂದೇ ಕಡೆ ಬೀಳುವ ಒತ್ತಡಕ್ಕೆ ಚರ್ಮ ಗಟ್ಟಿಯಾಗುವುದರಿಂದ ಬರುವಂಥದ್ದು, ಆ ಒತ್ತಡ ಇರುವ ತನಕ ಕೆತ್ತುವುದರಿಂದ ಸಿಗುವುದು ತಾತ್ಕಾಲಿಕ ಉಪಶಮನ ಮಾತ್ರ ಎಂಬುದನ್ನು ಅವರು ಆ ಅಟ್ಟೆಯನ್ನೇ ತೋರಿಸಿ ವಿವರಿಸಿದರು.

ನನಗೆ ಬಹಳ ಹಿಡಿಸಿದ್ದು ಆಮೇಲೆ ನಡೆದ ಪರೀಕ್ಷೆ. ‘ಅಮ್ಮ, ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ್ದು ಗೊತ್ತಾದರೆ ಹೂಂ ಅನ್ನಿ’ ಎಂದು ಹೇಳಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಬೆರಳುಗಳ ತುದಿಗೂ ಅಂಗಾಲಿಗೂ ಒಂದೊಂದಾಗಿ ಊರಿದರು. ಎಳೆ ಬಾಗುತ್ತಿರುವುದು ನನಗೆ ಕಾಣುತ್ತಿತ್ತು, ಆದರೆ ಎರಡು ಕಡೆ ಅತ್ತೆಯವರು ಹೂಂ ಅನ್ನಲೇ ಇಲ್ಲ. ಬಳಿಕ 128 ಹರ್ಟ್ಸ್‌ನ ಶ್ರುತಿಕವೆಯನ್ನು (ತಟ್ಟಿದರೆ ಕಂಪಿಸುವ ಲೋಹದ ಕವೆ, ಟ್ಯೂನಿಂಗ್ ಫೋರ್ಕ್) ಹೆಬ್ಬೆರಳ ಮೂಳೆಗೆ ತಾಗಿಸಿ ಕಂಪನ ತಿಳಿಯುವುದೇ ಎಂದು ಕೇಳಿ, ಪಾದದ ಮೇಲ್ಭಾಗದಲ್ಲಿಯೂ ಕಣಕಾಲಿನ ಒಳಬದಿಯ ಗಂಟಿನ ಹಿಂದೆಯೂ ನಾಡಿ ಹಿಡಿದು ನೋಡಿದರು. ರಕ್ತದ ಹರಿವು ಚೆನ್ನಾಗಿದೆ, ಸ್ಪರ್ಶಜ್ಞಾನ ಕುಂದಿದೆ ಎಂಬುದು ಅವರ ನಿರ್ಣಯ. ಸಕ್ಕರೆ ಕಾಯಿಲೆ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆಯಾದರೂ ಆಗಬೇಕಾದ ಪರೀಕ್ಷೆ ಇದು. ನಮ್ಮ ಕಡೆ ರಕ್ತದ ಸಕ್ಕರೆ ನೋಡಿಸಿಕೊಳ್ಳುವವರಲ್ಲಿ ಎಷ್ಟು ಮಂದಿ ಪಾದ ತೋರಿಸುತ್ತಾರೆ?

ಗಟ್ಟಿ ಚರ್ಮವನ್ನು ಪದರ ಪದರವಾಗಿ, ಒಂದು ಹನಿ ರಕ್ತವೂ ಬಾರದಂತೆ ಸವರಿ ತೆಗೆದರು. ಔಷಧಿ ಅಂಗಡಿಯಲ್ಲಿ ಸಿಗುವ, ಆಣಿಯ ಮೇಲೆ ಅಂಟಿಸುವ ಕಾರ್ನ್ ಕ್ಯಾಪ್ ಪಟ್ಟಿ ಅತ್ತೆಯವರಿಗೆ ಕೂಡದೆಂದು ಖಂಡಿತವಾಗಿ ಹೇಳಿದರು. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡಬಲ್ಲದು, ಸ್ಪರ್ಶ ಮಂದವಾದ ಕಾಲಿನಲ್ಲಿ ಆ ಸುಟ್ಟ ಗಾಯ ತಿಳಿಯದೆಯೇ ಹುಣ್ಣಾಗಬಹುದು. ಒಡೆದ ಹಿಮ್ಮಡಿಗೆ ಯೂರಿಯಾ ಇರುವ ಮುಲಾಮು ಬರೆದುಕೊಟ್ಟು, ಬೆರಳ ಸಂದಿಗೆ ಮಾತ್ರ ಅದನ್ನು ಹಚ್ಚಬಾರದು, ಅಲ್ಲಿ ತೇವ ನಿಂತರೆ ಶಿಲೀಂಧ್ರದ ಸೋಂಕು ಬೆಳೆಯುತ್ತದೆ ಎಂದು ಎಚ್ಚರಿಸಿದರು.

ನನ್ನ ಹಿಮ್ಮಡಿ ನೋವನ್ನೂ ಅಂದೇ ತೋರಿಸಿದೆ. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಯಲ್ಲೇ ಹೆಚ್ಚು ನೋಯುತ್ತದೆ ಎಂದ ಕೂಡಲೇ ಪ್ಲಾಂಟರ್ ಫ್ಯಾಸಿಯೈಟಿಸ್ (ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಹೋಗುವ ಅಂಗಾಲಿನ ದಪ್ಪ ಪಟ್ಟಿಯ ತೊಂದರೆ) ಇರಬಹುದೆಂದು ಊಹಿಸಿ, ಒತ್ತಿ ನೋಡಿ ಖಚಿತಪಡಿಸಿಕೊಂಡು, ಮೀನಖಂಡ ಮತ್ತು ಅಂಗಾಲನ್ನು ಎಳೆಯುವ ವ್ಯಾಯಾಮವನ್ನು ತಾವೇ ಮಾಡಿ ತೋರಿಸಿದರು. ಚುಚ್ಚುಮದ್ದಿನ ಮಾತೇ ಬರಲಿಲ್ಲ. ಗುಣವಾಗಲು ತಿಂಗಳುಗಳೇ ಹಿಡಿಯಬಹುದೆಂದು ಮೊದಲೇ ತಿಳಿಸಿದ್ದರಿಂದ ಅವರ ಮೇಲಿನ ವಿಶ್ವಾಸ ಹೆಚ್ಚಿತು.

ಶುಲ್ಕ ಇತರ ತಜ್ಞ ವೈದ್ಯರ ಶುಲ್ಕದಷ್ಟೇ ಇದೆ. ಕೊರತೆಗಳೂ ಇವೆ. ಅತ್ತೆಯವರಿಗೆ ಬರೆದುಕೊಟ್ಟ ಎಂ.ಸಿ.ಆರ್. (ಮೈಕ್ರೋ ಸೆಲ್ಯುಲಾರ್ ರಬ್ಬರ್ ಎಂಬ ಮೆತ್ತನೆಯ ರಬ್ಬರಿನ) ಚಪ್ಪಲಿ ಇಲ್ಲಿ ಸಿಗುವುದಿಲ್ಲ, ಅಳತೆ ಕೊಟ್ಟು ಬೆಂಗಳೂರಿನಿಂದ ಬರುವ ತನಕ ಕಾಯಬೇಕು. ಅದಕ್ಕಿಂತ ದೊಡ್ಡ ಕೊರತೆ, ಲಿಫ್ಟ್ ಇಲ್ಲದ ಕಟ್ಟಡದ ಮೊದಲ ಮಹಡಿಯಲ್ಲಿ ಚಿಕಿತ್ಸಾಲಯ ಇರುವುದು. ಕಾಲು ನೋವಿನವರೇ ಬರುವ ಜಾಗಕ್ಕೆ ನೆಲಮಹಡಿಯಲ್ಲೊಂದು ಕೋಣೆ ತೀರಾ ಅಗತ್ಯವೆಂದು ಅಲ್ಲಿನ ಸಿಬ್ಬಂದಿಗೂ ಹೇಳಿ ಬಂದಿದ್ದೇನೆ.