ವಿದ್ಯಾನಗರದ ಉಚಿತ ಕಾನೂನು ನೆರವು: ಕೆಲಸದಲ್ಲಿ ಅನ್ಯಾಯವಾದವರಿಗೆ ಎಷ್ಟು ಉಪಯೋಗ?

ಕಾಸರಗೋಡಿನ ವಿದ್ಯಾನಗರದಲ್ಲಿ, ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆರಿಗೆ ರಜೆ ಕೇಳಿ ಕೆಲಸ ಕಳೆದುಕೊಂಡವರು, ಒಂದೇ ಕೆಲಸಕ್ಕೆ ಗಂಡಸರಿಗಿಂತ ಕಡಿಮೆ ಕೂಲಿ ಪಡೆಯುವ ಹೆಂಗಸರು, ಅಂಗವೈಕಲ್ಯದ ನೆಪದಲ್ಲಿ ಬಡ್ತಿ ತಪ್ಪಿದವರು ಸಾಲ ಮಾಡಿ ವಕೀಲರ ಫೀಸು ಹೊಂದಿಸುವ ಮೊದಲು ಇಲ್ಲಿ ವಿಚಾರಿಸಬೇಕು. ಸೇವೆ ನಿಜಕ್ಕೂ ಬೆಲೆಯುಳ್ಳದ್ದು. ಆದರೆ ಕಾಗದಪತ್ರ, ತಾರೀಕು ಸರಿಯಾಗಿ ಹಿಡಿದುಕೊಂಡು ಹೋದವರಿಗಷ್ಟೇ ಅದು ಪೂರ್ತಿ ದಕ್ಕುತ್ತದೆ.

ಬಿಳಿ (ಆದ್ಯತೆಯಿಲ್ಲದವರ) ರೇಷನ್ ಕಾರ್ಡ್ ಇದ್ದರೆ ನೆರವು ಸಿಗುವುದಿಲ್ಲ ಎಂದುಕೊಂಡು ಹಿಂದೆ ಸರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಪ್ರಾಧಿಕಾರ ಗೊತ್ತುಮಾಡಿಕೊಡುವ ಪ್ಯಾನೆಲ್ ವಕೀಲರು ಕಕ್ಷಿದಾರರಿಂದ ಫೀಸು ಪಡೆಯುವಂತಿಲ್ಲ. ಕನ್ನಡ ಬಲ್ಲ ವಕೀಲರು ಬೇಕಿದ್ದರೆ ಅರ್ಜಿಯಲ್ಲೇ ಬರೆಯಿರಿ. ಹೋಗಲಾಗದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.

ಕೆಲಸ ಬಲ್ಲ ವಕೀಲರು ಅನ್ಯಾಯದ ವಿವರಕ್ಕಿಂತ ಮೊದಲು ತಾರೀಕು ಕೇಳುತ್ತಾರೆ. ಅದಕ್ಕೆ ಕಾರಣವಿದೆ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಖಾಸಗಿ ಮಾಲಕರ ಎಲ್ಲ ಬಗೆಯ ತಾರತಮ್ಯಕ್ಕೂ ಅನ್ವಯಿಸುವ ಒಂದೇ ಕಾಯ್ದೆ ನಮ್ಮಲ್ಲಿಲ್ಲ. ಆದ ಅನ್ಯಾಯ ಯಾವ ಕಾಯ್ದೆಯೊಳಗೆ ಬೀಳುತ್ತದೆ ಎಂದು ಹುಡುಕಬೇಕು, ಪ್ರತಿಯೊಂದಕ್ಕೂ ಲೆಕ್ಕ ಬೇರೆ. ಹೆರಿಗೆ ಸೌಲಭ್ಯಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು. ಹಾಜರಿ ಪುಸ್ತಕದ ಫೋಟೊ ಇಲ್ಲದಿದ್ದರೆ ಇಲ್ಲೇ ಕೇಸು ಎಡವುತ್ತದೆ. ಲೈಂಗಿಕ ಕಿರುಕುಳದ ದೂರಿಗೆ 3 ತಿಂಗಳು, ತಕ್ಕ ಕಾರಣವಿದ್ದರೆ ಇನ್ನೂ 3. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿಯಾದರೆ ದೂರು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು 1947ರ ಕೈಗಾರಿಕಾ ವಿವಾದ ಕಾಯ್ದೆ 3 ವರ್ಷ ಕೊಟ್ಟಿತ್ತು, ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 2ಕ್ಕೆ ಇಳಿಸಿದೆ. ಶಾಲಾ ಶಿಕ್ಷಕರು 1947ರ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ, ಅವರ ದಾರಿ ಬೇರೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಲೇಬರ್ ಆಫೀಸರ್ ಎದುರಿನ ರಾಜಿ ಸಂಧಾನದಲ್ಲಿ ವಕೀಲರು ನಿಮ್ಮ ಪರವಾಗಿ ಹಾಜರಾಗುವಂತಿಲ್ಲ. ಅರ್ಜಿ ಬರೆಸಿಕೊಳ್ಳಬಹುದು, ಮಾತಾಡಬೇಕಾದವರು ನೀವು ಅಥವಾ ಯೂನಿಯನ್ ಪ್ರತಿನಿಧಿ. ಹಾಗಾಗಿ ಸೇರಿದ ದಿನ, ಕೊನೆಯ ಸಂಬಳ, ಬಾಕಿ ಮೊತ್ತ, ತೆಗೆದ ದಿನ ಇಷ್ಟನ್ನೂ ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಪಿ.ಎಫ್. ಪಾಸ್‌ಬುಕ್, ಇಎಸ್‌ಐ ಕಾರ್ಡ್, ಸಂಬಳ ಜಮೆಯಾದ ಬ್ಯಾಂಕ್ ಪುಟ ಜೊತೆಗಿರಲಿ. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ಕಳೆದೂ ಇತ್ಯರ್ಥವಾಗದಿದ್ದರೆ ನೇರ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು. ಕಾರ್ಮಿಕ ನ್ಯಾಯಾಲಯ ಇರುವುದು ಕಣ್ಣೂರಿನಲ್ಲಿ. ಮಂಜೇಶ್ವರದ ಕಡೆಯ ದಿನಗೂಲಿಯವರಿಗೆ ಪ್ರತಿ ಅವಧಿಗೂ ನೂರು ಕಿಲೋಮೀಟರಿಗೂ ಹೆಚ್ಚಿನ ಓಡಾಟ, ಒಂದು ದಿನದ ಕೂಲಿ ನಷ್ಟ. ವಕೀಲರು ಉಚಿತವಾದರೂ ಈ ಖರ್ಚು ತಪ್ಪುವುದಿಲ್ಲ.

ಭಾಷೆಯ ವಿಷಯಕ್ಕೆ ಬರೋಣ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗಿದೆ. ಅದನ್ನು ಬಿಟ್ಟುಕೊಡಬೇಡಿ. ಮಲಯಾಳ ಅಥವಾ ಇಂಗ್ಲಿಷಿನಲ್ಲಿ ಸಿದ್ಧವಾದ ಹೇಳಿಕೆಯನ್ನಂತೂ ಸಹಿಗೆ ಮುಂಚೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ‘ಕೆಲಸ ಹೋಯಿತು’ ಎಂದದ್ದು ‘ಕೆಲಸ ಬಿಟ್ಟರು’ ಎಂದು ದಾಖಲಾದರೆ ತೆಗೆದುಹಾಕಿದ್ದು ರಾಜೀನಾಮೆಯಾಗಿಬಿಡುತ್ತದೆ.

ಎರಡೂ ಕಡೆಯವರು ರಾಜಿಯಿಂದ ವ್ಯಾಜ್ಯ ಮುಗಿಸುವ ಲೋಕ ಅದಾಲತ್ತಿಗೆ ಒಪ್ಪುವಾಗಲೂ ಹೀಗೇ ಎಚ್ಚರ ಬೇಕು. ಅಲ್ಲಿನ ತೀರ್ಪಿಗೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿ ಮಾತ್ರ ಇಲ್ಲ. ಮೊತ್ತದ ಜೊತೆಗೆ ಹಣ ಕೊಡುವ ಗಡುವು, ಜಮೆಯಾಗಬೇಕಾದ ಖಾತೆ, ಸರ್ವಿಸ್ ಸರ್ಟಿಫಿಕೇಟ್ ಕೊಡುವ ದಿನ ಎಲ್ಲವೂ ಬರಹದಲ್ಲಿ ಬಂದ ಮೇಲೆಯೇ ಸಹಿ ಹಾಕಿ.