ಫ್ರಾಂಚಕೊರ್ತಾನೋ, ಶಾಂಪೇನೋ? ಪಕ್ಕಪಕ್ಕ ಇಟ್ಟು ರುಚಿ ನೋಡಿದಾಗ

ಸಿಹಿ ಇಲ್ಲದ, ಗುಳ್ಳೆ ಏಳುವ ಬಿಳಿ ವೈನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಹೆಸರು ಶಾಂಪೇನ್. ಆದರೆ ಊಟದ ಜೊತೆಗೆ ಅಂದರೆ ನನ್ನ ಓಟು ಇಟಲಿಯ ಫ್ರಾಂಚಕೊರ್ತಾಗೆ, ಅದರಲ್ಲೂ ‘ಸಟೇನ್’ ಎಂಬ ಬಗೆಗೆ. ಬಾಟಲಿಗಳಿಗೆ ಪೇಪರ್ ಸುತ್ತಿ, ಹೆಸರು ಕಾಣದ ಹಾಗೆ ಇಟ್ಟು ಕುಡಿದಾಗಲೂ ಇದೇ ಗೆದ್ದಿತು. ಜೊತೆಗಿಟ್ಟಿದ್ದು ಶಾಂಪೇನಿನ ಬ್ಲಾಂ ದ ಬ್ಲಾಂ (ಬರೀ ಬಿಳಿ ದ್ರಾಕ್ಷಿಯದು), ಮತ್ತೆ ಒಂದು ಪ್ರೊಸೆಕ್ಕೊ ಬ್ರೂಟ್ (ಬ್ರೂಟ್ ಅಂದರೆ ಸಿಹಿ ತೀರಾ ಕಡಿಮೆ).

ಪ್ರೊಸೆಕ್ಕೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈಶಾನ್ಯ ಇಟಲಿಯ ಗ್ಲೇರಾ ದ್ರಾಕ್ಷಿಯದು. ಗುಳ್ಳೆ ಹುಟ್ಟುವುದು ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ. ಹಸಿರು ಸೇಬು, ಪೇರ್ ಹಣ್ಣಿನ ತಾಜಾ ಘಮ ಇದೆ, ಆದರೆ ನೊರೆ ಬೇಗ ಇಳಿದುಹೋಯಿತು. ಕೊಳ್ಳುವಾಗ ಲೇಬಲ್ ನೋಡಿ: ‘ಎಕ್ಸ್‌ಟ್ರಾ ಡ್ರೈ’ ಅಂತಿದ್ದರೆ ಅದು ಬ್ರೂಟ್‌ಗಿಂತ ಸಿಹಿ, ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ. ಬ್ರೂಟ್‌ನಲ್ಲಿ 12 ಗ್ರಾಂ ದಾಟುವಂತಿಲ್ಲ. ಸಂಜೆ ಹರಟೆಗೆ ಚೆನ್ನಾಗಿದೆ. ಉಳಿದೆರಡರ ಪಕ್ಕದಲ್ಲಿ ನಿಲ್ಲುವುದಿಲ್ಲ.

ಆ ಎರಡೂ ತಯಾರಾಗುವುದು ಒಂದೇ ಥರ. ವೈನಿಗೆ ಸ್ವಲ್ಪ ಸಕ್ಕರೆ, ಈಸ್ಟ್ ಸೇರಿಸಿ ಬಾಟಲಿ ಮುಚ್ಚುತ್ತಾರೆ. ಈಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಹೊರಗೆ ದಾರಿ ಇಲ್ಲದೆ ಅದು ವೈನಿನಲ್ಲೇ ಕರಗುತ್ತದೆ. ಆಮೇಲೆ ಸತ್ತ ಈಸ್ಟಿನ ಗಸಿಯ ಜೊತೆ ವೈನ್ ತಿಂಗಳುಗಟ್ಟಲೆ ಸುಮ್ನೆ ಮಲಗಿರುತ್ತದೆ. ಬ್ರೆಡ್ಡಿನ, ಬಾದಾಮಿಯ ಪರಿಮಳ ಬರುವುದು ಅಲ್ಲಿಂದ. ಕೊನೆಗೆ ಬಾಟಲಿ ತಲೆಕೆಳಗು ಮಾಡಿ, ಅದರ ಕುತ್ತಿಗೆಗೆ ಇಳಿದ ಗಸಿಯನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ, ಗಸಿ ತಾನೇ ಚಿಮ್ಮಿ ಆಚೆ ಬರುತ್ತದೆ.

ನನ್ನ ಬ್ಲಾಂ ದ ಬ್ಲಾಂ ಎಪೆರ್ನೆ ಊರಿನ ದಕ್ಷಿಣದ ಕೋಟ್ ದೆ ಬ್ಲಾಂನದು. ಪೂರ್ತಿ ಶಾರ್ಡನೇ ದ್ರಾಕ್ಷಿ. ಅಲ್ಲಿ ಸುಣ್ಣಕಲ್ಲಿನ ನೆಲ, ಚಳಿ ಹೆಚ್ಚು. ಹಾಗಾಗಿ ಹುಳಿ ಚುರುಕು. ಮೊದಲ ಗುಟುಕಿಗೇ ನಿಂಬೆಸಿಪ್ಪೆ, ಹಿಂದೆಯೇ ಒದ್ದೆ ಸೀಮೆಸುಣ್ಣದ ವಾಸನೆ. ಬಾಯಿ ಸ್ವಚ್ಛವಾಗಿ ತೊಳೆದ ಹಾಗಾಗುತ್ತದೆ. ಏನೂ ತಿನ್ನದೆ, ಬರೀ ಅದನ್ನೇ ಕುಡಿಯುವುದಾದರೆ ಇದಕ್ಕೆ ಸಾಟಿ ಇಲ್ಲ. ಅಂದಹಾಗೆ, ದೋಂ ಪೆರಿನ್ಯೋಂ ಎಂಬ ಸನ್ಯಾಸಿ ಇದರ ಗುಳ್ಳೆ ಕಂಡುಹಿಡಿದರು ಅನ್ನುವುದು ಕಟ್ಟುಕಥೆ. ಅವರು ಓವಿಲೆ ಮಠದ ವೈನ್ ನೋಡಿಕೊಳ್ಳಲು ಶುರುಮಾಡಿದ್ದು 1668ರಲ್ಲಿ. ಸಕ್ಕರೆ ಹಾಕಿ ವೈನಿಗೆ ನೊರೆ ಬರಿಸುವುದನ್ನು ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ 1662ರಲ್ಲೇ ಬರೆದಿದ್ದರು.

ಫ್ರಾಂಚಕೊರ್ತಾ ಇರುವುದು ಬ್ರೆಷಾ ಹತ್ತಿರ, ಇಸೇಓ ಸರೋವರದ ದಕ್ಷಿಣದ ಗುಡ್ಡಗಳಲ್ಲಿ. ಗುಳ್ಳೆ ವೈನಿನ ಲೆಕ್ಕದಲ್ಲಿ ಇನ್ನೂ ಎಳೆಯ ಊರು. ಗುಯಿದೋ ಬೆರ್ಲುಕ್ಕಿ ಮನೆತನದ ನೆಲಮಾಳಿಗೆಯಲ್ಲಿ ಫ್ರಾಂಕೋ ಝಿಲಿಯಾನಿ ಇಲ್ಲಿನ ಮೊದಲ ಗುಳ್ಳೆ ವೈನ್ ಮಾಡಿದ್ದು 1961ರಲ್ಲಿ. 1995ಕ್ಕೆಲ್ಲ ಇಟಲಿಯ ಅತಿ ಮೇಲಿನ ದರ್ಜೆಯೂ ಸಿಕ್ಕಿತು. ಸಟೇನ್ ಅಂದರೆ ಬರೀ ಬಿಳಿ ದ್ರಾಕ್ಷಿ, ಗಸಿಯ ಮೇಲೆ ಕನಿಷ್ಠ 24 ತಿಂಗಳು. ಲೇಬಲ್ ಮೇಲೆ ಕೊಯ್ಲಿನ ವರ್ಷ ಹಾಕದ ಶಾಂಪೇನಿಗೆ ನಿಯಮ ಕೇಳುವುದು 12 ತಿಂಗಳು ಮಾತ್ರ. ವೈನ್ ಮಾಡುವ ಒಳ್ಳೆ ಮನೆತನಗಳು ಜಾಸ್ತಿಯೇ ಇಡುತ್ತವೆ, ಅದು ಬೇರೆ ಮಾತು.

ನನಗೆ ಮುಖ್ಯ ಅನಿಸಿದ್ದು ಒತ್ತಡ. ಶಾಂಪೇನಿನ ಬಾಟಲಿಯೊಳಗೆ ಸುಮಾರು 6 ಬಾರ್, ಸಟೇನ್‌ನಲ್ಲಿ 5ಕ್ಕಿಂತ ಕಡಿಮೆ. ಸಣ್ಣ ಅಂಕಿ, ಆದರೆ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಗುಳ್ಳೆ ಚುಚ್ಚುವುದಿಲ್ಲ, ಕೆನೆಯ ಹಾಗೆ ಹರಡುತ್ತದೆ. ಗ್ಲಾಸು ಸ್ವಲ್ಪ ಬಿಸಿಯೇರಿದ ಮೇಲೆ ಮಾಗಿದ ಪೇರ್, ಬಾದಾಮಿ ಇನ್ನೂ ಬಿಚ್ಚಿಕೊಂಡವು. ಅದಕ್ಕೇ ತೀರಾ ತಣ್ಣಗೆ ಕುಡಿಯಬೇಡಿ, 8ರಿಂದ 10 ಡಿಗ್ರಿ ಸಾಕು. ಸಪೂರ ಗ್ಲಾಸೂ ಬೇಡ, ಮಾಮೂಲಿ ವೈಟ್ ವೈನ್ ಗ್ಲಾಸಿನಲ್ಲಿ ಘಮ ಚೆನ್ನಾಗಿ ಏಳುತ್ತದೆ.

ಗ್ರಾನಾ ಪದಾನೊ ಚೀಸ್ ಜೊತೆ ಸಟೇನ್ ಸೊಗಸು. ಬಿಸಿಬಿಸಿ ಹೀರೇಕಾಯಿ ಬಜ್ಜಿ ಜೊತೆ ಇನ್ನೂ ಸೊಗಸು. ಹುಳಿ ಎಣ್ಣೆಯ ಜಿಡ್ಡು ಕತ್ತರಿಸುತ್ತದೆ, ಉಪ್ಪಿನಿಂದ ವೈನಿನ ಹಣ್ಣಿನ ರುಚಿ ಎದ್ದು ಬರುತ್ತದೆ. ಮೆಣಸಿನಕಾಯಿ ಬಜ್ಜಿಗೆ ಮಾತ್ರ ಸಟೇನೂ ಬೇಡ, ಶಾಂಪೇನೂ ಬೇಡ, ಗುಳ್ಳೆ ತಾಗಿದರೆ ಖಾರ ಇನ್ನೂ ಏರುತ್ತದೆ.