ಶನಿವಾರ ರಾತ್ರಿ ಕೇಳಿದರೂ ಉತ್ತರ ಸಿಗುವ ಕ್ವಾಯರ್ ಗುಂಪು

ಕಳೆದ ವರ್ಷ ಜುಲೈ ತಿಂಗಳ ಒಂದು ಶನಿವಾರ. ರಾತ್ರಿ ಒಂಬತ್ತೂವರೆ ದಾಟಿತ್ತು. ಹೊರಗೆ ಜೋರು ಮಳೆ, ಕರೆಂಟ್ ಎರಡು ಸಲ ಹೋಗಿ ಬಂದಿತ್ತು. ಮರುದಿನದ ಆರಾಧನೆಗೆ ಸಭಾಪಾಲಕರು ಕೊಟ್ಟಿದ್ದ ನಾಲ್ಕು ಹಾಡುಗಳಲ್ಲಿ ಮೂರನೆಯದರ ರಾಗ ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಇರುವ ಪುಸ್ತಕದಲ್ಲಿ ಸಾಹಿತ್ಯ ಮಾತ್ರ ಇದೆ, ಸ್ವರ ಇಲ್ಲ. ಆ ರಾಗ ಬಲ್ಲ ಹಿರಿಯರೊಬ್ಬರು ನಮ್ಮಲ್ಲಿದ್ದರು. ಅವರು ತೀರಿಕೊಂಡು ಮೂರು ವರ್ಷ ಆಯ್ತು. ಯೂಟ್ಯೂಬ್‌ನಲ್ಲಿ ಹುಡುಕಿದರೆ ಅದೇ ಸಾಲಿನಿಂದ ಶುರುವಾಗುವ ಬೇರೆ ಯಾವುದೋ ಹಾಡು ಬರುತ್ತಿತ್ತು.

ಹಾಡಿನ ನಂಬರು, ಮೊದಲ ಸಾಲು ಬರೆದು ಚರ್ಚುಗಳಲ್ಲಿ ಹಾಡಿಸುವವರ ಟೆಲಿಗ್ರಾಮ್ ಗುಂಪಿಗೆ ಹಾಕಿದೆ. ಇಪ್ಪತ್ತು ನಿಮಿಷದೊಳಗೆ ಮೂಲ್ಕಿಯ ಒಬ್ಬರಿಂದ ವಾಯ್ಸ್ ಮೆಸೇಜ್ ಬಂತು. ಮೊದಲು ಹಾರ್ಮೋನಿಯಂನಲ್ಲಿ ರಾಗ ಮಾತ್ರ ನುಡಿಸಿದ್ದರು. ಆಮೇಲೆ ಒಂದು ಚರಣ ನಿಧಾನಕ್ಕೆ ಹಾಡಿದ್ದರು. ಕೊನೆಗೆ, "ಮೂರನೇ ಸಾಲಿನಲ್ಲಿ ಅರ್ಜೆಂಟ್ ಮಾಡಬೇಡಿ ಮಾರಾಯ್ರೆ, ಅಲ್ಲಿ ಎಲ್ಲರಿಗೂ ಉಸಿರು ತೆಗೀಲಿಕ್ಕೆ ಬಿಡಿ" ಅಂತ ಒಂದು ಮಾತು. ಹತ್ತೂಕಾಲಕ್ಕೆ ಮಂಗಳೂರಿನ ಇನ್ನೊಬ್ಬರು ಅದರ ಬೇಸ್, ಅಂದರೆ ಗಂಡಸರ ಕೆಳಗಿನ ಧ್ವನಿ, ಹಾಡಿ ಕಳಿಸಿದರು. ಭಾನುವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಕ್ವಾಯರ್ ಕಲಿತಿತು. ಎಂಟೂವರೆಗೆ ಸಭೆ ಹಾಡಿತು.

ಈ ಗುಂಪಿನ ಬಗ್ಗೆ ಬರೆಯಬೇಕು ಅಂತ ಆವತ್ತೇ ಅನಿಸಿತ್ತು. ಇನ್ನೊಂದಿಷ್ಟು ದಿನ ನೋಡಿ ಬರೆಯೋಣ ಅಂತ ಕಾದೆ. ಈಗ ಸೇರಿ ಎರಡು ವರ್ಷ ಆಯ್ತು, ಬರೆಯಬಹುದು.

ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ಹದಿನಾರು ವರ್ಷದಿಂದ ಚರ್ಚಿನ ಕ್ವಾಯರ್ ನೋಡಿಕೊಳ್ಳುತ್ತಿದ್ದೇನೆ. ಇದಕ್ಕೆ ಸಂಬಳ ಇಲ್ಲ, ತರಬೇತಿಯೂ ಆಗಿಲ್ಲ. ಕರಾವಳಿಯಲ್ಲಿ ಹಾಡಿಸುವ ಎಷ್ಟೋ ಜನರ ಕಥೆ ಇದೇ. ಪಕ್ಕದ ಊರಿನ ಚರ್ಚಿನಲ್ಲಿ ಯಾರು ಕೀಬೋರ್ಡ್ ನುಡಿಸುತ್ತಾರೆ ಅಂತಲೂ ನಮಗೆ ಗೊತ್ತಿರುವುದಿಲ್ಲ. ಯಾಕೆಂದರೆ ನಮಗೆಲ್ಲ ಕೆಲಸ ಇರುವುದು ಒಂದೇ ದಿನ, ಒಂದೇ ಹೊತ್ತಿಗೆ. ಭಾನುವಾರ ಇನ್ನೊಂದು ಚರ್ಚಿಗೆ ಹೋಗಿ ಕೂತು ಕೇಳುವ ಅವಕಾಶ ಹಾಡಿಸುವವರಿಗೆ ಇರುವುದಿಲ್ಲ ಅಲ್ವಾ? ಫೋನಿನಲ್ಲಿ ಇಂಥ ಗುಂಪು ಬೇಕಾಗಿರುವುದೇ ಅದಕ್ಕೆ.

ಗುಂಪಿನಲ್ಲಿ ಸುಮಾರು ನೂರ ನಲವತ್ತು ಜನ ಇದ್ದೇವೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಇದ್ದಾರೆ, ಕೊಂಕಣಿ ಪೂಜೆಗೆ ಹಾಡಿಸುವ ಕಥೋಲಿಕರು ಇದ್ದಾರೆ, ಗಿಟಾರ್, ಡ್ರಮ್ಸ್ ಇಟ್ಟುಕೊಂಡು ಹಾಡುವ ಪೆಂಟೆಕೋಸ್ಟಲ್ ಸಭೆಗಳ ಹುಡುಗರೂ ಇದ್ದಾರೆ. ಮೊದಲು ಬೇರೊಂದು ಆ್ಯಪ್‌ನಲ್ಲಿ ಇತ್ತಂತೆ. ಅಲ್ಲಿ ಹೊಸದಾಗಿ ಸೇರಿದವರಿಗೆ ಹಳೆಯ ಮೆಸೇಜ್ ಕಾಣುತ್ತಿರಲಿಲ್ಲ. ಕಳೆದ ಕ್ರಿಸ್‌ಮಸ್‌ಗೆ ಹಾಕಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಈಗ ಟೆಲಿಗ್ರಾಮ್‌ನಲ್ಲಿದೆ. ಹಳೆಯದೆಲ್ಲ ಹೊಸಬರಿಗೂ ಸಿಗುತ್ತದೆ, 2 ಜಿಬಿವರೆಗಿನ ಫೈಲ್ ಹಾಕಬಹುದು. ಗುಂಪಿನ ಒಳಗೇ ವಿಷಯಕ್ಕೊಂದು ವಿಭಾಗ ಮಾಡಿದ್ದಾರೆ. ಈ ವಾರದ ಹಾಡಿಗೆ ಒಂದು, ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳು) ಮತ್ತು ಸ್ವರಕ್ಕೆ ಒಂದು, ವಾದ್ಯಗಳ ರಿಪೇರಿಗೆ ಒಂದು. ಗುಡ್ ಮಾರ್ನಿಂಗ್ ಚಿತ್ರ, ಫಾರ್ವರ್ಡ್ ವಿಡಿಯೊ ಹಾಕುವಂತಿಲ್ಲ. ಹಾಡು ಹಾಕುವುದಾದರೆ ನಿಮ್ಮದೇ ಸ್ವರದಲ್ಲಿ ಹಾಡಿ ಹಾಕಬೇಕು. ಈ ಕೊನೆಯ ನಿಯಮ ನನಗೆ ಮೊದಲು ಕಷ್ಟ ಅನಿಸಿತ್ತು. ಗುಂಪು ಇಷ್ಟು ದಿನ ಉಳಿದಿದ್ದೇ ಅದರಿಂದ ಅಂತ ಈಗ ಅನಿಸುತ್ತದೆ. ಲಿಂಕ್ ಕಳಿಸುವವರು ಸುಮ್ನೆ ಕಳಿಸಿಬಿಡುತ್ತಾರೆ. ಹಾಡಿ ಕಳಿಸುವವರು ಆ ಹಾಡಿನ ಜೊತೆ ಹತ್ತು ನಿಮಿಷ ಕೂತಿರುತ್ತಾರೆ.

ನಾನು ಇಲ್ಲಿ ಕಲಿತದ್ದರಲ್ಲಿ ದೊಡ್ಡದು ಶ್ರುತಿಯ ವಿಷಯ. ಯೂಟ್ಯೂಬ್‌ನಲ್ಲಿ ಹಾಡುವವರು ತಮ್ಮ ಗಂಟಲಿಗೆ ಚೆನ್ನಾಗಿ ಕೇಳಿಸುವ ಶ್ರುತಿ ಇಟ್ಟುಕೊಳ್ಳುತ್ತಾರೆ. ನಾವು ಅದನ್ನೇ ತಂದು ಸಭೆಯ ಮುಂದೆ ಇಡುತ್ತಿದ್ದೆವು. ಪಲ್ಲವಿ ಮೇಲೆ ಹೋದ ಕೂಡಲೇ ಸಭೆ ಮೌನ. ಜನರಿಗೆ ಹಾಡುವ ಆಸಕ್ತಿ ಕಡಿಮೆಯಾಗಿದೆ ಅಂತ ನಾನು ಬೇಜಾರು ಮಾಡಿಕೊಂಡದ್ದಿದೆ. ಗುಂಪಿನಲ್ಲಿ ಒಬ್ಬರು ಕೇಳಿದರು, "ನಿಮ್ಮ ಹಾಡಿನ ಅತಿ ಮೇಲಿನ ಸ್ವರ ಯಾವುದು ನೋಡಿದ್ದೀರಾ?" ನೋಡಿದೆ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ ಜಿ ಶ್ರುತಿಯ ಹಾಡು, ಮೇಲಿನ ಜಿ ಮುಟ್ಟುತ್ತಿತ್ತು. ತರಬೇತಿ ಇಲ್ಲದ ಸಾಮಾನ್ಯ ಜನ ಆರಾಮಾಗಿ ಹಾಡುವುದು ಕೆಳಗಿನ ಎಯಿಂದ ಮೇಲಿನ ಡಿವರೆಗೆ, ಹೆಚ್ಚೆಂದರೆ ಇನ್ನೊಂದು ಸ್ವರ. ಆ ಹಾಡನ್ನು ಜಿಯಿಂದ ಡಿಗೆ ಇಳಿಸಿದರೆ ಮೇಲಿನ ಸ್ವರ ಸರಿಯಾಗಿ ಡಿಗೆ ಬಂದು ನಿಲ್ಲುತ್ತದೆ. ನಮ್ಮ ಶಾಸ್ತ್ರೀಯ ಸಂಗೀತದವರ ಲೆಕ್ಕದಲ್ಲಿ ಐದರ ಶ್ರುತಿಯಿಂದ ಎರಡರ ಶ್ರುತಿಗೆ.

ಇಳಿಸಿದ ಮೊದಲ ವಾರ ಒಂದು ಎಡವಟ್ಟಾಯಿತು. ಕೀಬೋರ್ಡ್ ನುಡಿಸುವ ಹುಡುಗಿ ಟ್ರಾನ್ಸ್‌ಪೋಸ್ ಗುಂಡಿ (ಕೀಬೋರ್ಡಿನ ಶ್ರುತಿ ಏರಿಸಿ ಇಳಿಸುವುದು) ಒತ್ತಿ ಮೈನಸ್ ಐದು, ಅಂದರೆ ಐದು ಅರ್ಧಸ್ವರ ಕೆಳಗೆ, ಇಟ್ಟುಕೊಂಡು, ಬೆರಳು ಮಾತ್ರ ಎಂದಿನಂತೆ ಜಿಯಲ್ಲೇ ಓಡಿಸುತ್ತಿದ್ದಳು. ಅವಳ ಬೆರಳು ನೋಡಿ ಗಿಟಾರ್ ಹುಡುಗನೂ ಜಿ ಹಿಡಿದ. ಅವಳದು ಕೇಳಿಸುವುದು ಡಿ, ಇವನದು ಜಿ. ಅಪಸ್ವರ. ಗಿಟಾರಿನ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್, ಕ್ಯಾಪೊ, ಹಾಕಿ ಸರಿ ಮಾಡೋಣ ಅಂದರೆ ಕ್ಯಾಪೊ ಶ್ರುತಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಆ ಸಂಜೆ ಗುಂಪಿನಲ್ಲಿ ಕೇಳಿದಾಗ ಸುರತ್ಕಲ್ಲಿನ ಗಿಟಾರಿಸ್ಟ್ ಒಬ್ಬರು ಐದು ನಿಮಿಷದ ವಿಡಿಯೊ ಮಾಡಿ ಕಳಿಸಿದರು. ಬೆರಳು ಹತ್ತಿರದಿಂದ ಕಾಣುವ ಹಾಗೆ, ಜಿ, ಸಿ, ಡಿ ಇದ್ದಲ್ಲಿ ಡಿ, ಜಿ, ಎ ಹಿಡಿಯುವುದನ್ನು ಒಂದೊಂದಾಗಿ ತೋರಿಸಿದ್ದರು. ನಮ್ಮ ಹುಡುಗ ಅದನ್ನು ಇನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದಾನೆ.

ಇದಕ್ಕೂ ಮೊದಲು ನಾನು ದುಡ್ಡು ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ಮಾಡಿದ್ದೆ. ಹೆಸರು ಬೇಡ. ಪಾಠ ಮಾಡಿದವರು ಒಳ್ಳೆಯ ಸಂಗೀತಗಾರರೇ. ಆದರೆ ಎಲ್ಲವೂ ಇಂಗ್ಲಿಷ್, ಎಲ್ಲವೂ ಪೂರ್ತಿ ಬ್ಯಾಂಡ್ ಇರುವ ಸಭೆಗೆ. ನಮ್ಮಲ್ಲಿ ಇರುವುದು ಒಂದು ಕೀಬೋರ್ಡ್, ಒಂದು ಗಿಟಾರ್, ಒಂಬತ್ತು ಜನ. ಕನ್ನಡ ಕೀರ್ತನೆಯ ಮಾತು ಪರದೇಶದ ರಾಗದಲ್ಲಿ ಕೆಡದ ಹಾಗೆ ಹಾಡಿಸುವುದು ಹೇಗೆ ಅಂತ ಕೇಳಿದ ಪ್ರಶ್ನೆಗೆ ಉತ್ತರವೇ ಬರಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಕನ್ನಡದಲ್ಲಿ ಹಾಡಿಸುವ ಎಲ್ಲರ ಕಷ್ಟ. ಸ್ವಿಟ್ಜರ್ಲೆಂಡಿನ, ಜರ್ಮನ್ ಮಾತಾಡುವ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಇಲ್ಲೇ ಮುದ್ರಣಾಲಯ ಶುರು ಮಾಡಿದರು. ಅವರು ತಂದ ಜರ್ಮನ್ ರಾಗಗಳಿಗೆ ಕನ್ನಡ ಮಾತು, ತುಳು ಮಾತು ಕೂಡಿಸಿ ಹಾಡಿದವರು ನಮ್ಮ ಹಿರಿಯರು. ನನ್ನ ಅಜ್ಜಿಯ ಪುಸ್ತಕದಲ್ಲಿ ಕೆಲವು ಹಾಡುಗಳ ಪಕ್ಕ ಯಾವ ರಾಗದಲ್ಲಿ ಹಾಡಬೇಕು ಅಂತ ಪೆನ್ಸಿಲ್‌ನಲ್ಲಿ ಬರೆದದ್ದು ಈಗಲೂ ಇದೆ. ಆದರೆ ಜರ್ಮನ್ ರಾಗದ ಪೆಟ್ಟು ಬೀಳುವ ಜಾಗವೇ ಬೇರೆ, ಕನ್ನಡದ ಹ್ರಸ್ವ ದೀರ್ಘಗಳ ಜಾಗವೇ ಬೇರೆ. 'ಕರುಣೆ' ಅನ್ನುವ ಮಾತು ತೆಗೆದುಕೊಳ್ಳಿ. ಮೂರೂ ಹ್ರಸ್ವ. ಮೊದಲ ಅಕ್ಷರದ ಮೇಲೆ ಎರಡು ಮಾತ್ರೆಯ ಸ್ವರ ಬಿದ್ದರೆ ಸಭೆ 'ಕಾರುಣೆ' ಅಂತ ಹಾಡುತ್ತದೆ. ಮಕ್ಕಳು ಅದನ್ನೇ ಕಲಿಯುತ್ತಾರೆ. ಹಾಗಂತ ರಾಗ ಬದಲಿಸಲು ಆಗುವುದಿಲ್ಲ, ಹಿರಿಯರಿಗೆ ಆ ರಾಗ ಉಸಿರಿನ ಹಾಗೆ.

ನಿವೃತ್ತ ಟೀಚರ್ ಒಬ್ಬರು ಕಾರ್ಕಳದಿಂದ ಉತ್ತರ ಕೊಟ್ಟರು. "ಮೇಡಂ, ಎಳೆಯಿರಿ, ಆದರೆ ಬಾಯಿ ಅಗಲ ಮಾಡಬೇಡಿ" ಅಂದರು. ಕನ್ನಡದಲ್ಲಿ 'ಕ' ಮತ್ತು 'ಕಾ' ನಡುವೆ ಉದ್ದ ಮಾತ್ರ ಬೇರೆ ಅಲ್ಲ, ಬಾಯಿ ತೆರೆಯುವ ರೀತಿಯೂ ಬೇರೆ. ಬಾಯಿ ಸಣ್ಣದಾಗಿಯೇ ಇಟ್ಟು ಎಷ್ಟು ಎಳೆದರೂ ಕಿವಿಗೆ 'ಕ' ಅಂತಲೇ ಕೇಳುತ್ತದೆ. ಎರಡೂ ಥರ ಹಾಡಿ ತೋರಿಸಿದ್ದರು. ನಾನು ಆ ಮೂವತ್ತು ಸೆಕೆಂಡಿನ ಆಡಿಯೊವನ್ನು ನಮ್ಮ ಕ್ವಾಯರ್‌ಗೆ ಎಷ್ಟು ಸಲ ಹಾಕಿದ್ದೇನೆ ಅಂತ ಲೆಕ್ಕ ಇಲ್ಲ. ಈಗ ನಮ್ಮ ಸಭೆಯಲ್ಲಿ 'ಕರುಣೆ' ಕರುಣೆಯಾಗಿಯೇ ಕೇಳುತ್ತದೆ. ನನಗೆ ಇದು ಸಣ್ಣ ವಿಷಯ ಅಲ್ಲ. ದೇವರ ಮುಂದೆ ಆಡುವ ಮಾತು ಸರಿಯಾಗಿರಬೇಕು.

ನಾಲ್ಕು ಧ್ವನಿಯ (ಹೆಂಗಸರ ಸೊಪ್ರಾನೊ, ಆಲ್ಟೊ, ಗಂಡಸರ ಟೆನರ್, ಬೇಸ್) ಹಾಡುಗಳಿಗೆ ಗುಂಪಿನ ಕೆಲವರು ಮ್ಯೂಸ್‌ಸ್ಕೋರ್ ಬಳಸುತ್ತಾರೆ. ಕಂಪ್ಯೂಟರಿನಲ್ಲಿ ಸ್ವರಲಿಪಿ ಬರೆಯುವ ಉಚಿತ ಸಾಫ್ಟ್‌ವೇರ್ ಅದು. ಸ್ವರದ ಕೆಳಗೆ ಕನ್ನಡದಲ್ಲೇ ಸಾಹಿತ್ಯ ಟೈಪ್ ಮಾಡಬಹುದು, ಶ್ರುತಿ ಇಳಿಸಬಹುದು, ಆಲ್ಟೊ ಜೋರಾಗಿ ಉಳಿದದ್ದು ಮೆಲ್ಲ ಇರುವ ಹಾಗೆ ಆಡಿಯೊ ಮಾಡಬಹುದು. ಹಳೆಯ ನುಡಿ ಫಾಂಟಿನ ಸಾಹಿತ್ಯವೆಲ್ಲ ಫೋನಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಅದನ್ನು ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ತಂದು ಅಕ್ಷರ ಅಕ್ಷರ ತಿದ್ದಿದವರು ಮಣಿಪಾಲದ ಇಬ್ಬರು ಕಾಲೇಜು ಮಕ್ಕಳು. ಅವರಿಗೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ.

ಆನ್‌ಲೈನ್‌ನಲ್ಲಿ ಒಟ್ಟಿಗೆ ಪ್ರಾಕ್ಟೀಸ್ ಮಾಡುವ ಪ್ರಯತ್ನವೂ ನಡೆಯಿತು. ಇದರ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಒಬ್ಬರ ಸ್ವರ ಇನ್ನೊಬ್ಬರಿಗೆ ಮುಟ್ಟಲು 30 ಮಿಲಿಸೆಕೆಂಡಿಗಿಂತ ತುಂಬಾ ಹೆಚ್ಚು ಹಿಡಿದರೆ ತಾಳ ಕೂಡುವುದಿಲ್ಲ. ಅಷ್ಟು ಹೊತ್ತಿಗೆ ಶಬ್ದ ಗಾಳಿಯಲ್ಲಿ ಸುಮಾರು ಹತ್ತು ಮೀಟರ್ ಹೋಗುತ್ತದೆ, ಅಂದರೆ ಚರ್ಚಿನ ಈ ಗೋಡೆಯಿಂದ ಆ ಗೋಡೆ. ಸಾಮಾನ್ಯ ವಿಡಿಯೊ ಕಾಲ್‌ನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ತಡವಾಗುತ್ತದೆ. ಹನ್ನೆರಡು ಜನ ಒಟ್ಟಿಗೆ ಹಾಡಿದಾಗ ಕೇಳಿದ್ದು ಬರೀ ಗದ್ದಲ. ಜಾಮುಲಸ್ ಅಂತ ಇದಕ್ಕೆಂದೇ ಮಾಡಿದ ಉಚಿತ ಪ್ರೋಗ್ರಾಂ ಇದೆ. ಅದಕ್ಕೆ ವೈಫೈ ಬಿಟ್ಟು ಕೇಬಲ್ ಹಾಕಬೇಕು, ಹೆಡ್‌ಫೋನ್ ಬೇಕು. ಎಲ್ಲರ ಮನೆಯಲ್ಲಿ ಅದು ಆಗುವುದಿಲ್ಲ. ಈಗ ಕಾಲ್‌ನಲ್ಲಿ ಒಬ್ಬರು ಹಾಡುತ್ತಾರೆ, ಉಳಿದವರು ಮ್ಯೂಟ್ ಮಾಡಿ ಜೊತೆಗೆ ಹಾಡಿಕೊಳ್ಳುತ್ತಾರೆ. ಹೊಸ ಹಾಡು ಕಲಿಯಲು ಇಷ್ಟು ಸಾಕು.

ಕೊರತೆಗಳನ್ನೂ ಹೇಳಬೇಕು. ಅಡ್ಮಿನ್ ಐದು ಜನ, ಐದೂ ಗಂಡಸರು. ನಮ್ಮ ಕ್ವಾಯರ್‌ಗಳಲ್ಲಿ ಹಾಡುವವರು ಹೆಚ್ಚಿನವರು ಹೆಂಗಸರು. ಇದನ್ನು ಗುಂಪಿನಲ್ಲೇ ಬರೆದೆ, ಆಗಲಿ ಅಂದರು, ಇನ್ನೂ ಆಗಿಲ್ಲ. ಫೈಲಿಗೆ ಹಾಡಿನ ಹೆಸರು ಕೊಡದೆ ಹಾಕುವವರಿಂದ ಹುಡುಕುವುದು ಕಷ್ಟವಾಗುತ್ತದೆ. ತುಳು ಹಾಡುಗಳು ತೀರ ಕಡಿಮೆ ಇವೆ. ಅದು ಬಲ್ಲವರು ವಯಸ್ಸಾದವರು, ಅವರನ್ನು ಕೂರಿಸಿ ರೆಕಾರ್ಡ್ ಮಾಡುವ ಕೆಲಸ ಈಗಲೇ ಆಗಬೇಕು. ಡ್ರಮ್ಸ್ ಬೇಕೋ ಬೇಡವೋ ಅಂತ ಒಮ್ಮೆ ವಾರಪೂರ್ತಿ ಜಗಳವಾಗಿ ಮೂವರು ಬಿಟ್ಟು ಹೋದರು. ಅವರಲ್ಲಿ ಒಬ್ಬರು ಒಳ್ಳೆಯ ಟೆನರ್. ನನಗೆ ಇನ್ನೂ ಬೇಸರ ಇದೆ. ಐದಕ್ಕೆ ಎಷ್ಟು ಅಂತ ಕೇಳಿದರೆ ನಾಲ್ಕು ಕೊಡುತ್ತೇನೆ.

ಇಂಥ ಗುಂಪು ನೀವೂ ಶುರು ಮಾಡುವುದಾದರೆ ಕೃತಿಸ್ವಾಮ್ಯದ ವಿಷಯ ಮೊದಲೇ ಮಾತಾಡಿಕೊಳ್ಳಿ. 1957ರ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರಾಧನೆಯಲ್ಲಿ ಹಾಡುವುದಕ್ಕೆ ತೊಂದರೆ ಇಲ್ಲ. ಆದರೆ ಮಾರಾಟದಲ್ಲಿರುವ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವುದು ಬೇರೆ ವಿಷಯ. ಬರೆದವರು ತೀರಿಕೊಂಡು 60 ವರ್ಷ ದಾಟಿದ ಹಳೆಯ ಕೀರ್ತನೆಗಳನ್ನು ಧೈರ್ಯವಾಗಿ ಹಂಚಬಹುದು. ನಮ್ಮ ಗುಂಪಿನಲ್ಲಿ ಇದನ್ನು ಮೇಲೆ ಪಿನ್ ಮಾಡಿ ಇಟ್ಟಿದ್ದಾರೆ.

ನಮ್ಮ ಕ್ವಾಯರ್‌ನಲ್ಲಿ ಅರವತ್ತೆಂಟು ವರ್ಷದ ಆಂಟಿ ಒಬ್ಬರಿದ್ದಾರೆ. ಸ್ವರಲಿಪಿ ಓದಲು ಬರುವುದಿಲ್ಲ. ಎಷ್ಟೋ ವರ್ಷ ಎಲ್ಲರ ಜೊತೆ ರಾಗವನ್ನೇ ಹಾಡುತ್ತಿದ್ದರು. ಗುಂಪಿನ ಆಲ್ಟೊ ಆಡಿಯೊಗಳನ್ನು ಅವರ ಫೋನಿಗೆ ಹಾಕಿಕೊಟ್ಟೆ. ಅಡುಗೆ ಮಾಡುವಾಗ ಕೇಳಿ ಕೇಳಿ ಕಲಿತರು. ಕಳೆದ ಕ್ರಿಸ್‌ಮಸ್‌ಗೆ ನಮ್ಮ ಪುಟ್ಟ ಕ್ವಾಯರ್ ನಾಲ್ಕು ಧ್ವನಿಯಲ್ಲಿ ಹಾಡಿತು, ಆಲ್ಟೊ ಹಿಡಿದು ನಿಲ್ಲಿಸಿದವರು ಅವರೇ. ಹೋದ ತಿಂಗಳು ಕುಂದಾಪುರದ ಹುಡುಗಿಯೊಬ್ಬಳು ಗುಂಪಿನಲ್ಲಿ ಒಂದು ಕೀರ್ತನೆಯ ಆಲ್ಟೊ ಕೇಳಿದ್ದಳು. ಆಂಟಿ ನನಗೆ ಫೋನ್ ಮಾಡಿ, "ನಾನು ಹಾಡಿ ಕಳಿಸಬಹುದಾ?" ಅಂತ ಕೇಳಿದರು. ಕಳಿಸಿದರು. ಎರಡು ನಿಮಿಷದ ಆಡಿಯೊ. ನಡುವೆ ಹಿಂದಿನಿಂದ ಕುಕ್ಕರ್ ಮೂರು ಸಲ ಕೂಗುತ್ತದೆ. ಅವರು ನಿಲ್ಲಿಸದೆ ಕೊನೆಯ ಚರಣದವರೆಗೂ ಹಾಡಿದ್ದಾರೆ.